ಬಾಯಿ ಬಿಟ್ಟು ಓದುವವರು

ಹೈಸ್ಕೂಲಿನಿಂದ ಬಿ.ಎಸ್ಸಿ.ವರೆಗೆ ನಾನಿದ್ದದ್ದು ಅರಸೀಕೆರೆಯ ಮಠದ ಉಚಿತ ಹಾಸ್ಟೆಲ್ಲಿನಲ್ಲಿ. ಒಂದು ವಿಷಯದಲ್ಲಿ ಫೇಲಾದರೂ ಜಾಗ ಖಾಲಿ ಮಾಡಬೇಕು ಎನ್ನುವುದು ಅಲ್ಲಿನ ಕಟ್ಟಳೆ. ನಮ್ಮೂರು ಬಸ್ತಿಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕಳಿಸಿ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಹಾಸ್ಟೆಲ್ ಹೋದರೆ ಕಾಲೇಜೂ ಹೋದಂತೆ.

ಹಾಸ್ಟೆಲ್ಲಿನಲ್ಲಿ ಓದು ಎಂದರೆ ಗಟ್ಟಿಯಾಗಿ ಓದುವುದು. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹುಡುಗರೆಲ್ಲ ಹಜಾರದಲ್ಲಿ ಕುಳಿತು ಒಟ್ಟಿಗೆ ಬಾಯಿ ಬಿಡುತ್ತಿದ್ದೆವು, ಸಂತೆಯೇ ವಾಸಿ. ವಾರ್ಡನ್ನರು ಜಗಲಿಯಲ್ಲಿ ಅಡ್ಡಾಡುತ್ತ ಕಿವಿಯಲ್ಲೇ ಹಾಜರಿ ಹಾಕುತ್ತಿದ್ದರು. ಯಾರದಾದರೂ ದನಿ ನಿಂತರೆ, "ಏನ್ಲಾ, ನಿದ್ದೆ ಮಾಡ್ತಾ ಇದೀಯೇನ್ಲಾ?" ಹೀಗೆ ವರ್ಷಗಟ್ಟಲೆ ಓದಿದ ನನಗೆ, ಕಿವಿಗೆ ಬೀಳದ್ದು ತಲೆಗೂ ಹತ್ತುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಬಿ.ಎಸ್ಸಿ.ಯ ಭೌತಶಾಸ್ತ್ರದಿಂದ. ಇಂಗ್ಲಿಷಿನ ಆ ದಪ್ಪ ಪುಸ್ತಕ ಕಾಲೇಜಿನ ಲೈಬ್ರರಿಯಲ್ಲಿ ಒಂದೇ ಒಂದಿತ್ತು. ಹೊರಗೆ ಒಯ್ಯುವಂತಿಲ್ಲ, ಜೆರಾಕ್ಸಿಗೂ ಕೊಡುವುದಿಲ್ಲ. ಕ್ಲಾಸು ಬಿಟ್ಟ ಕೂಡಲೇ ಓಡಿಹೋಗಿ ಅದನ್ನು ಹಿಡಿದು ಕೂರುತ್ತಿದ್ದೆ. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ತುಟಿ ಅಲ್ಲಾಡಿಸಿದರೆ ಲೈಬ್ರರಿಯ ಮೇಡಂ ಮೇಜು ಕುಟ್ಟುತ್ತಿದ್ದರು.

"ಮೆಲ್ಲಗೆ ಓದ್ತೀನಿ ಮೇಡಂ," ಎಂದು ಅಂಗಲಾಚಿದೆ.

"ಮನಸ್ಸಿನಲ್ಲಿ ಓದ್ಕೊಳ್ರೀ. ಎಲ್ಲರೂ ಓದಲ್ವಾ?"

ಎಲ್ಲರೂ ಓದುತ್ತಿದ್ದರು, ಅದೇ ನನ್ನ ಸಂಕಟ. ಪಕ್ಕದ ಹುಡುಗಿ ಪುಟ ತಿರುವಿದಳು ಎಂದರೆ ಅವಳಿಗೆ ಅಷ್ಟೂ ಅರ್ಥವಾಯಿತು ಎಂದೇ ನನಗೆ ಹೊಟ್ಟೆಕಿಚ್ಚು. ಬರೆದುಕೊಂಡು ಹೋಗೋಣವೆಂದರೆ, ಒಂದೆರಡು ಪುಟ ಮುಗಿಯುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತು. ಪುಸ್ತಕವಿದ್ದ ಕಡೆ ಬಾಯಿ ಬಿಡುವಂತಿಲ್ಲ, ಬಾಯಿ ಬಿಡಬಹುದಾದ ಕಡೆ ಪುಸ್ತಕವಿಲ್ಲ. ಯಾರಿಗೆ ಹೇಳಲಿ?

ಹಾಸ್ಟೆಲ್ಲಿನಲ್ಲಿ ಸುಮ್ಮನಿದ್ದರೆ ಬೈಗುಳ. ಹಾಗಾಗಿ ಕೈಯಲ್ಲಿದ್ದ ಕನ್ನಡ ಪಠ್ಯವನ್ನೇ ಮತ್ತೆ ಮತ್ತೆ ಅರಚುತ್ತಿದ್ದೆ. ಓದು ಎಂದರೆ ಹೀಗಿರಬೇಕು ಎಂದು ವಾರ್ಡನ್ನರು ಹೊಸಬರಿಗೆ ನನ್ನನ್ನೇ ತೋರಿಸುತ್ತಿದ್ದರು. ನಾನು ದನಿ ಇನ್ನಷ್ಟು ಏರಿಸುತ್ತಿದ್ದೆ.

ಫಲಿತಾಂಶ ಬಂತು. ಕನ್ನಡದಲ್ಲಿ ಕಾಲೇಜಿಗೇ ಮೊದಲು, ಭೌತಶಾಸ್ತ್ರದಲ್ಲಿ ಫೇಲು.

"ದಿನಾ ನಿನ್ನ ದನಿ ಕೇಳ್ತಿದ್ದೆ ಕಣೋ," ಎಂದರು ವಾರ್ಡನ್ನರು. ಅವರ ಮುಖವೂ ಸಪ್ಪಗಾಗಿತ್ತು. "ಕಟ್ಟಳೆ ಮೀರೋಕೆ ನನ್ನ ಕೈಲೂ ಆಗಲ್ಲ."

ಅವರ ಕಾಲಿಗೆ ಬಿದ್ದೆ. ಎತ್ತಿ ನಿಲ್ಲಿಸಿದರು, ಅಷ್ಟೆ.

ಆ ಸಂಜೆ ಟ್ರಂಕು ಹೊತ್ತುಕೊಂಡು ಹಜಾರ ದಾಟಿದೆ. ಗೆಳೆಯರೆಲ್ಲ ಸಾಲಾಗಿ ಕುಳಿತು ಓದುತ್ತಿದ್ದರು. ವಾರ್ಡನ್ನರು ಜಗಲಿಯಲ್ಲೇ ಇದ್ದರು. ಯಾರೂ ನನಗೆ ಹೋಗಿ ಬಾ ಎನ್ನಲಿಲ್ಲ. ಹಾಗೆನ್ನಬೇಕಾದರೆ ಓದು ನಿಲ್ಲಿಸಬೇಕಿತ್ತು.