ಉಣುಗು ಕಚ್ಚಿದಾಗ ಕೊಟ್ಟ ನಂಬರು

ನಾನು ಕಳೆ ಕತ್ತರಿಸುವ ಯಂತ್ರ ಮಾರುವವನು. ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಲಾಡ್ಜುಗಳಲ್ಲೇ ವಾಸ. ಕೆಲಸಕ್ಕಾಗಿ ಸದಾ ಊರೂರು ಸುತ್ತುವ ಒಂಟಿಯೊಬ್ಬನ ಸಿನಿಮಾ ನೋಡಿ, ಬದುಕಿದರೆ ಹೀಗೆ ಅಂದುಕೊಂಡಿದ್ದೆ. ಮರುದಿನವೇ ಹೊಸನಗರದಲ್ಲಿ ಕಾಲಿಗೆ ರಕ್ತ ಹೀರುವ ಉಣುಗು ಕಚ್ಚಿತು. ಮಂಗನ ಕಾಯಿಲೆ ಬರುವುದು ಅದರಿಂದಲೇ, ಹಾಗಾಗಿ ನೇರ ಸರ್ಕಾರಿ ಆಸ್ಪತ್ರೆಗೆ ಓಡಿದೆ.

ನರ್ಸ್ ಅದನ್ನು ಕಿತ್ತು, "ಒಂದು ವಾರ ಜ್ವರ ಬರುತ್ತಾ ನೋಡ್ಬೇಕು. ಮನೆಯವರ ನಂಬರ್ ಕೊಡಿ" ಅಂದರು. ಮನೆಯವರು ಇಲ್ಲದ್ದರಿಂದ ತೀರ್ಥಹಳ್ಳಿಯ ಲಾಡ್ಜಿನ ಭಟ್ಟರ ನಂಬರ್ ಕೊಟ್ಟೆ. ನರ್ಸ್ ಅಲ್ಲೇ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಆರನೇ ರೂಮಿನವ್ರಾ? ಹೆಸರು ಗೊತ್ತಿಲ್ಲ ಮಾರಾಯ್ರೆ" ಅಂದರು ಭಟ್ಟರು.

ನಮ್ಮ ಹಣೆಯ ಬಿಸಿ ನಮ್ಮ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಮೂರನೇ ದಿನ ತೀರ್ಥಹಳ್ಳಿಗೆ ಬಂದವನು ತಡೆಯಲಾರದೆ ಭಟ್ಟರ ಮುಂದೆ ಹಣೆ ಬಗ್ಗಿಸಿ ನಿಂತೆ. ಅವರು ತಲೆ ಮುಟ್ಟಿ ಆಶೀರ್ವಾದ ಮಾಡಿದರು.