ದೊಡ್ಡಕ್ಕ ಹಾಕಿದ ನಕ್ಷೆ

ನಮ್ಮ ದೊಡ್ಡಕ್ಕ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ಬೀದಿಯ ಅರ್ಧ ಜನರ ಅಳತೆ ಅವಳ ನಾಲಿಗೆ ತುದಿಯಲ್ಲಿದೆ. ಆದರೆ ಅವಳ ಹೊಲಿಗೆ ಮಿಷನ್ ಇರುವುದು ಅಡುಗೆಮನೆಗೂ ಬಚ್ಚಲಿಗೂ ನಡುವೆ, ಎಲ್ಲರೂ ಓಡಾಡುವ ಇಕ್ಕಟ್ಟಿನಲ್ಲಿ. ಭಾವನೋ ಮಗನೋ ಸೊಸೆಯೋ ಬಂದು "ಒಂಚೂರು ದಾರಿ" ಅಂದಾಗಲೆಲ್ಲ ಅವಳು ಸೂಜಿ ನಿಲ್ಲಿಸಿ, ಎದ್ದು, ಕುರ್ಚಿ ಎಳೆದುಕೊಳ್ಳಬೇಕು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ, ಅಥವಾ ಹಾಗೆಂದು ನಾವು ತಿಳಿದಿದ್ದೆವು.

ಮನೆಯ ಹಿಂದಿನ ಖಾಲಿ ಜಾಗದಲ್ಲಿ ರೂಮು ಕಟ್ಟಿಸುವ ಮಾತು ಬಂದಾಗ ನಾನೇ ಹಟ ಹಿಡಿದು ಒಬ್ಬ ಆರ್ಕಿಟೆಕ್ಟರನ್ನು ಗೊತ್ತುಮಾಡಿದೆ. ಈ ಸಲವಾದರೂ ಅಕ್ಕನಿಗೆಂದೇ ಒಂದು ರೂಮು ಆಗಲಿ ಎಂಬುದು ನನ್ನ ಆಸೆ. ಅಕ್ಕ ಗೊಣಗಿದಳು.

"ಅಳತೆ ತೆಗೆಯೋಳು ಮನೇಲೇ ಇದ್ದೀನಿ. ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲೋ!"

ಬಂದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡಿಮೆ. ಅವರು ಹಿತ್ತಲು ಅಳೆದು ಮುಗಿಸುವಷ್ಟರಲ್ಲಿ ಅಕ್ಕ ಒಂದು ಖಾಕಿ ಕಾಗದ ತಂದು ಹಾಸಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸಾಲಾಗಿ ಮೂರು ರೂಮು ಬರೆದಿದ್ದಳು. ಮಗ ಸೊಸೆಗೊಂದು, ಮಗಳಿಗೊಂದು, ಅತ್ತೆಗೊಂದು. ಪ್ರತಿ ರೂಮಿನ ಪಕ್ಕದಲ್ಲೂ ಒಂದು ಚುಕ್ಕಿಗೆರೆ.

"ಇದೇನಕ್ಕ, ಚುಕ್ಕಿ?" ಎಂದರು ಮೇಡಂ.

"ಎರಡಡಿ ಬಿಟ್ಟಿದ್ದೀನಿ ಮೇಡಂ, ಆಮೇಲೆ ಬಿಚ್ಕೊಳೋಕೆ. ಬೆಳೆಯೋ ಮಕ್ಕಳ ಬಟ್ಟೇಲಿ ಬಿಡಲ್ವಾ? ನಾಳೆ ಸೊಸೆಗೆ ಮಗು ಆಗುತ್ತೆ, ರೂಮು ಬಿಗಿಯಾಗಬಾರದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಡಂ ನಗಲಿಲ್ಲ. "ನಿಮ್ಮ ಮಿಷನ್ ಎಲ್ಲಿ ಬರುತ್ತೆ?" ಎಂದು ಕೇಳಿದರು.

"ಇದ್ದಲ್ಲೇ ಇರುತ್ತೆ."

ನನ್ನ ನಗು ನಿಂತುಹೋಯಿತು. "ಅವರಿಗೆಲ್ಲ ಎರಡೆರಡು ಅಡಿ ಹೆಚ್ಚಿಗೆ, ನಿನಗೆ ಒಂದು ಇಂಚೂ ಇಲ್ವೇನೇ?" ಎಂದು ರೇಗಿದೆ.

"ನಾನಿನ್ನೇನು ಬೆಳೀತೀನಾ?" ಎಂದಳು ಮಹಾತಾಯಿ.

ಮೇಡಂ ಅವಳ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡರು. "ಗೋಡೆ ಬಿಚ್ಚೋಕಾಗಲ್ಲ ಅಕ್ಕ. ಈ ಎರಡೆರಡು ಅಡಿ ಸೇರಿಸಿದ್ರೆ ಆರಡಿ. ಕೊನೇಲಿ ಇನ್ನೊಂದು ಪುಟ್ಟ ರೂಮೇ ಬರುತ್ತೆ. ಹೊಲಿಯೋವಾಗ ಬೆಳಕು ಯಾವ ಕಡೆಯಿಂದ ಬೇಕು?"

"ಎಡಗಡೆಯಿಂದ," ಎಂದುಬಿಟ್ಟಳು ಅಕ್ಕ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. "ನನಗೇನೂ ಬೇಡ, ಬೇಕಾದ್ರೆ ಸಾಮಾನು ಇಡೋಕೆ ಮಾಡಿ," ಎಂದು ಕಡ್ಡಿ ಮುರಿದಂತೆ ಹೇಳಿ ಒಳಗೆ ಹೋದಳು.

ಬಾಗಿಲ ಬಳಿ ನಿಂತಿದ್ದ ಭಾವ ಕತ್ತು ಕೆರೆದುಕೊಂಡರು. "ಎಡಗಡೆಗೆ ಕಿಟಕಿ ಹಾಕಿ ಮೇಡಂ. ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ," ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ವಾರ ಕಳೆದು ಮೇಡಂ ಪಕ್ಕಾ ನಕ್ಷೆ ತಂದರು. ಅಕ್ಕ ಕನ್ನಡಕ ಏರಿಸಿ ಮೂರು ರೂಮುಗಳ ಮೇಲೆ ಬೆರಳಾಡಿಸಿದಳು. ನಾಲ್ಕನೆಯದಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ಇನ್ನೇನು "ಬೇಡ" ಅಂದೇಬಿಡುತ್ತಾಳೆ ಎಂದು ಜಗಳಕ್ಕೆ ನಾನು ಸಿದ್ಧನಾಗಿದ್ದೆ.

ಅಕ್ಕ ಭಾವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮೇಡಂ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದಳು.

"ಈ ಬಾಗಿಲಿಗೆ ಚಿಲಕ ಒಳಗಡೆಯಿಂದ ಹಾಕಿಸ್ತೀರಾ?"