ಎಕ್ಸಲೆಂಟ್ ಎನಿಸಿಕೊಂಡ ಸೊಂಟ

ಸೊಂಟದ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಡಾಕ್ಟರಿಂದ ನನಗೆ ಬೇಕಾಗಿದ್ದದ್ದು ಒಂದೇ ಸಾಲು: ‘ಇವರಿಗೆ ಕೂತು ಮಾಡುವ ಕೆಲಸ ಕೊಡಿ.’ ಆ ಸಾಲು ಸಿಕ್ಕರೆ ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲು, ಸಿಗದಿದ್ದರೆ ಮತ್ತೆ ನಿಂತು ತಗಡು ಒತ್ತುವ ಪವರ್ ಪ್ರೆಸ್ಸು. ಪ್ರೆಸ್ಸಿನಲ್ಲಿ ಬಲಗಾಲು ಪೆಡಲ್ ಒತ್ತುತ್ತಿರುತ್ತದೆ. ಇಡೀ ಶಿಫ್ಟು ಮೈಭಾರವೆಲ್ಲ ಎಡಗಾಲಿನ ಮೇಲೆ. ತುಮಕೂರು ರಸ್ತೆಯಲ್ಲಿ ಟೆಂಪೋ ಗುದ್ದಿದಾಗ ಒಡೆದದ್ದು ಎಡಗಡೆಯ ಬಟ್ಟಲೇ, ಅಂದರೆ ತೊಡೆಮೂಳೆಯ ಗುಂಡು ಕೂರುವ ಜಾಗ. ಈಗ ಅಲ್ಲಿ ಒಂದು ಪ್ಲೇಟು, ಆರು ಸ್ಕ್ರೂ.

ದಾಸರಹಳ್ಳಿಯ ರೂಮಿನಲ್ಲಿ ನನ್ನ ಜೊತೆಗಿದ್ದ ಗೆಳೆಯ ಬಾಗಲಕೋಟೆ ಕಡೆಯ ಗಾರೆ ಕೆಲಸದವನು. ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಬಂದಿದ್ದ. ಬಸ್ಸಿನಲ್ಲೇ ಎಚ್ಚರಿಸಿದ್ದ: “ಲೇ, ಇವತ್ತರ ನಿನ್ನ ನಾಟಕ ಬ್ಯಾಡ. ಹೆಂಗ ಕುಂಟತಿ, ಹಂಗ ಕುಂಟು.”

“ಆಯ್ತು ಬಿಡೋ” ಎಂದಿದ್ದೆ.

ಟೋಕನ್ ಹಿಡಿದು ಮೂರು ಗಂಟೆ ಕಾಯಿಸಿದರೆ ಮನುಷ್ಯ ಏನು ಮಾಡಬೇಕು? ಕಾರಿಡಾರಿನಲ್ಲಿ ಒಬ್ಬೊಬ್ಬರ ನಡಿಗೆಯನ್ನೂ ಮಾಡಿ ತೋರಿಸಿದೆ. ವಾಕರ್ ಹಿಡಿದ ತಾತನೊಬ್ಬನದಾಯಿತು. ಆಮೇಲೆ ಕೈ ಹಿಂದೆ ಕಟ್ಟಿ, ಗದ್ದ ಮುಂದೆ ಬಿಟ್ಟು ನಡೆಯುವ ನಮ್ಮ ಡಾಕ್ಟರದು. ಸಿಸ್ಟರ್ ನಕ್ಕರು, ನನಗೆ ಇನ್ನಷ್ಟು ಹುರುಪು ಬಂತು.

ಒಳಗೆ ಡಾಕ್ಟರ ಸುತ್ತ ನಾಲ್ವರು ವಿದ್ಯಾರ್ಥಿಗಳು. ಡಾಕ್ಟರ ಕೈಯಲ್ಲೊಂದು ಫಾರಂ.

“ಸಾಕ್ಸ್ ಹಾಕ್ಕೊಳ್ಳೋಕಾಗುತ್ತಾ?”

“ನಂದು ಚಪ್ಪಲಿ ಸಾರ್.”

“ಹಾಕ್ಕೊಂಡ್ರೆ?”

“ಆಗ್ಬೋದು ಸಾರ್.”

ಟಿಕ್.

“ಕುರ್ಚಿ ಮೇಲೆ ಒಂದು ಗಂಟೆ ಕೂರ್ತೀರಾ?”

“ನಿಮ್ಮ ಬಾಗಿಲಲ್ಲೇ ಮೂರು ಗಂಟೆ ಕೂತಿದ್ದೀನಲ್ಲ ಸಾರ್.”

ಟಿಕ್.

ವಠಾರದ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲಾಗದ ನನಗೆ ಗೆಳೆಯ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದುಕೊಟ್ಟಿದ್ದ. ದಿನಾ ಬೆಳಿಗ್ಗೆ ಅದನ್ನು ಹೊತ್ತು ಎಂಟು ಮನೆಯವರೆದುರು ಮೆರವಣಿಗೆ ಹೋಗುತ್ತಿದ್ದೆ. ಅದರ ಬಗ್ಗೆ ಫಾರಮ್ಮಿನಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ.

“ನಡೀರಿ ನೋಡೋಣ.”

ನಾಲ್ವರೂ ನನ್ನನ್ನೇ ನೋಡಿದರು. ಅಷ್ಟು ಸಾಕಾಯಿತು ನನ್ನ ದರಿದ್ರ ಬುದ್ಧಿಗೆ. ಟೆಂಪೋ ಗುದ್ದುವ ಮುಂಚಿನ ನನ್ನದೇ ನಡಿಗೆಯನ್ನು ನಟಿಸಿಬಿಟ್ಟೆ, ಭುಜ ಕುಣಿಸಿಕೊಂಡು. ಕೋಣೆ ಇದ್ದದ್ದು ಆರು ಹೆಜ್ಜೆ. ಆರು ಹೆಜ್ಜೆ ಹಲ್ಲು ಕಚ್ಚಿಕೊಂಡು ಯಾರು ಬೇಕಾದರೂ ನಡೆಯಬಹುದು.

“ಎಕ್ಸಲೆಂಟ್ ರಿಸಲ್ಟ್!” ಎಂದರು ಡಾಕ್ಟರು. ವಿದ್ಯಾರ್ಥಿಗಳು ಬರೆದುಕೊಂಡರು. “ಹಳೇ ಕೆಲಸಕ್ಕೇ ಹೋಗ್ಬೋದು. ಫಿಟ್.”

“ಸಾರ್, ಸಾರ್, ಅದು ಆಕ್ಟಿಂಗು! ಇದು ನೋಡಿ ನಿಜ” ಎಂದು ಕುಂಟಿ ತೋರಿಸಿದೆ. ನಾಲ್ವರೂ ನಕ್ಕರು.

“ಕಾರಿಡಾರಲ್ಲಿ ನೋಡ್ದೆ ಕಣ್ರೀ. ಕುಂಟೋದಕ್ಕಿಂತ ನನ್ನ ನಡಿಗೆ ಚೆನ್ನಾಗ್ ಮಾಡ್ತೀರಿ” ಎಂದು ಡಾಕ್ಟರು ಪೆನ್ನಿನ ಕ್ಯಾಪ್ ಮುಚ್ಚಿದರು.

ಬಾಗಿಲಲ್ಲಿ ನಿಂತಿದ್ದ ಗೆಳೆಯನ ತಾಳ್ಮೆ ಕೆಟ್ಟಿತು. “ಸರ, ಇವಂದು ಬಾಯಿ ಸುಳ್ಳ, ಸೊಂಟ ಸುಳ್ಳಲ್ಲರೀ! ಮಷೀನ್ ಮುಂದ ನಿಂತಂಗ ನಿಂದ್ರಸ್ರಿ. ಲೇ ಮಂಗ್ಯಾ, ಮಾಡಿ ತೋರ್ಸೋ!”

ಗೋಡೆಯ ಮುಂದೆ ಎಡಗಾಲಲ್ಲಿ ನಿಂತೆ. ಕೈಯಲ್ಲಿಲ್ಲದ ತಗಡು ಇಟ್ಟೆ, ಇಲ್ಲದ ಪೆಡಲ್ ಒತ್ತಿದೆ. ಬಾಯಲ್ಲಿ ಪ್ರೆಸ್ಸಿನ ಸದ್ದು: ಢಕ್, ಢಕ್. ಮೊದಲ ಐದಾರಕ್ಕೆ ನಗು ಕೇಳಿಸುತ್ತಿತ್ತು. ಹತ್ತು ದಾಟಿದ ಮೇಲೆ ಸದ್ದು ಮಾಡಲು ಉಸಿರಿರಲಿಲ್ಲ. ಬಲಗಾಲು ಎತ್ತಿದಾಗಲೆಲ್ಲ ಆ ಕಡೆಯ ಸೊಂಟ ಕೆಳಗೆ ಕುಸಿಯುತ್ತಿತ್ತು, ಬೀಳಬಾರದೆಂದು ಮೈ ತಾನಾಗಿ ಎಡಕ್ಕೆ ವಾಲುತ್ತಿತ್ತು. ಡಾಕ್ಟರು ಎದ್ದು ಬಂದು ನನ್ನ ಬೆನ್ನ ಹಿಂದೆ ಬಗ್ಗಿ, ಎರಡು ಹೆಬ್ಬೆರಳು ಸೊಂಟಕ್ಕೆ ಒತ್ತಿ ಹಿಡಿದರು.

“ಇನ್ನೊಂದ್ಸಲ ಎತ್ತಿ.”

ಎತ್ತಿದೆ. ತಡೆಯಲಾಗದೆ ಗೋಡೆ ಹಿಡಿದುಕೊಂಡೆ.

“ಇದನ್ನ ಮೊದ್ಲೇ ಹೇಳೋಕೇನ್ರೀ ಕಷ್ಟ?” ಎಂದು ನನಗೆ ಬೈದರು. “ಆರು ಹೆಜ್ಜೆ ನೋಡಿ ಎಕ್ಸಲೆಂಟ್ ಅಂದ್ರೆ ನೀವೂ ಬರ್ಕೊಂಡ್ಬಿಡೋದಾ?” ಎಂದು ವಿದ್ಯಾರ್ಥಿಗಳಿಗೆ ಬೈದರು, ಅಂದದ್ದು ತಾವೇ ಎಂಬುದು ಅವರಿಗೆ ಮರೆತೇಹೋಗಿತ್ತು. ಆಮೇಲೆ ಲೆಟರ್‌ಹೆಡ್ ಎಳೆದುಕೊಂಡು ನನಗೆ ಬೇಕಾದ ಸಾಲನ್ನು ಬರೆದರು: ಆರು ತಿಂಗಳು ಕೂತು ಮಾಡುವ ಕೆಲಸ, ಆಮೇಲೆ ಮತ್ತೆ ಪರೀಕ್ಷೆ.

ಗೆಳೆಯ ನನ್ನ ಕೈಗೆ ಕೊಡದೆ ಅದನ್ನು ತಾನೇ ಮಡಿಚಿ ಜೇಬಿಗಿಟ್ಟುಕೊಂಡ. “ನಾಳೆ ಸೂಪರ್‌ವೈಸರಗ ನಾನ ಕೊಡ್ತೀನಿ. ನೀ ಗೇಟ್‌ನ್ಯಾಗ ಸುಮ್ನ ಕುಂದ್ರು.”